ಊರಿಂದ ಲಂಡನ್ನಿಗೆ ಒಡವೆ ತರುವ ಮುಂಚೆ

ಊರಿಂದ ಹೊರಡುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, "ಹಾಕ್ಕೊಂಡು ಹೋಗ್ಬಿಡು, ಮೈಮೇಲಿದ್ರೆ ಯಾರೂ ಕೇಳಲ್ಲ." ನಂಬಬೇಡಿ. ಒಡವೆ ಕತ್ತಿನಲ್ಲಿದ್ದರೇನು, ಸೂಟ್‌ಕೇಸಿನಲ್ಲಿದ್ದರೇನು, ಬ್ರಿಟನ್ನಿನ ಕಸ್ಟಮ್ಸ್‌ಗೆ ಎರಡೂ ಒಂದೇ. ಅದು ನಿಮ್ಮ ಕೈಗೆ ಎಲ್ಲಿ, ಯಾವಾಗ ಬಂತು ಅನ್ನುವುದು ಮುಖ್ಯ.

ಇಲ್ಲಿ ಬ್ರಿಟನ್ನಿಂದಲೇ ಹಾಕಿಕೊಂಡು ಹೋದ ತಾಳಿ, ಬಳೆ ಹಾಗೇ ವಾಪಸ್ ಬಂದರೆ ಸುಂಕ ಇಲ್ಲ. ಹೋಗುವ ಮುಂಚೆ ಒಂದು ಫೋಟೋ ತೆಗೆದು, ಹಳೇ ಬಿಲ್ ಫೋನಿನಲ್ಲಿ ಇಟ್ಟುಕೊಳ್ಳಿ, ಸಾಕು. ನೋಡಲು ಬರುವ ಅಮ್ಮ ತಾನೇ ಹಾಕಿಕೊಂಡು ತಾನೇ ವಾಪಸ್ ಒಯ್ಯುವ ಸರಕ್ಕೂ ತೊಂದರೆ ಇಲ್ಲ. ಆದರೆ ಬಾಣಂತನಕ್ಕೆ ಬಂದವರು ಮೊಮ್ಮಗಳಿಗೆ ಅಂತ ಬಳೆ ತಂದರೆ ಅದು ಉಡುಗೊರೆ, ಲೆಕ್ಕಕ್ಕೆ ಬರುತ್ತದೆ.

ಹೊಸದಾಗಿ ತರುವುದಕ್ಕೆ ಮಿತಿ ಒಬ್ಬರಿಗೆ 390 ಪೌಂಡ್. ಈಗಿನ ಚಿನ್ನದ ಬೆಲೆಗೆ ಅದು ಒಂದು ಸಣ್ಣ ಜೊತೆ ಓಲೆ, ಅಷ್ಟೇ. ಮಿತಿ ದಾಟಿದರೆ ಹೆಚ್ಚಾದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ ಕಟ್ಟಬೇಕು. 600 ಪೌಂಡಿನ ಒಂದೆಳೆ ಸರ ಅಂದುಕೊಳ್ಳಿ: 630 ಪೌಂಡ್‌ವರೆಗಿನ ಸಾಮಾನಿಗೆ ಸುಂಕ ಶೇ. 2.5, ಅಂದರೆ 15 ಪೌಂಡ್; ಆ ಮೊತ್ತವನ್ನೂ ಸೇರಿಸಿ 615ರ ಮೇಲೆ ಶೇ. 20 ವ್ಯಾಟ್ (ಇಲ್ಲಿನ ಜಿಎಸ್‌ಟಿಯಂಥ ತೆರಿಗೆ), 123 ಪೌಂಡ್. ಒಟ್ಟು 138. ಹೊಡೆತ ಸುಂಕದ್ದಲ್ಲ, ವ್ಯಾಟ್‌ನದು. ಗಂಡ-ಹೆಂಡತಿ ಇಬ್ಬರ ಮಿತಿ ಸೇರಿಸಿ 780 ಅಂತ ಒಂದೇ ನೆಕ್ಲೇಸಿಗೆ ಹಾಕಲು ಬರುವುದಿಲ್ಲ.

ನಮ್ಮವರು ಎಡವುವುದು ಹಳೇ ಚಿನ್ನದಲ್ಲಿ. ನಾನೂ ಎಡವಿದ್ದೇನೆ. ಇಲ್ಲಿಂದ ಒಯ್ದ ಎರಡು ಸವೆದ ಬಳೆ ಕೊಟ್ಟು ಊರಲ್ಲಿ ಹರಳಿನ ಜುಮ್ಕಿ ಮಾಡಿಸಿದೆ, ಕೈಯಿಂದ ಕೊಟ್ಟದ್ದು ಮಜೂರಿ, ವೇಸ್ಟೇಜು ಅಂತ ಸ್ವಲ್ಪ ದುಡ್ಡು. ನನ್ನದೇ ಚಿನ್ನ ತಾನೇ ಅಂತ ಧೈರ್ಯ. ಇಲ್ಲಿ ಅಧಿಕಾರಿ ಗುಲಾಬಿ ಕಾಗದ ಬಿಚ್ಚಿ ಜುಮ್ಕಿ ನೋಡಿದರು, ಬಿಲ್ ಬಿಡಿಸಿದರು, ಹಳೇ ಚಿನ್ನ ಕಳೆದ ಸಾಲು ಬಿಟ್ಟು ಅದರ ಮೇಲಿನ ಮೊತ್ತಕ್ಕೆ ಬೆರಳಿಟ್ಟರು. ಕರಗಿಸಿ ಮಾಡಿಸಿದರೆ ಅದು ಹೊಸ ಒಡವೆ, ಪೂರ್ತಿ ಬೆಲೆಯೇ ಲೆಕ್ಕ. ಕಟ್ಟಿ ಬಂದೆ. ಇನ್ನು ಜಿಎಸ್‌ಟಿ ಉಳಿಯುತ್ತೆ ಅಂತ ಅಂಗಡಿಯವರು ಬರೀ ಎಸ್ಟಿಮೇಟ್ ಚೀಟಿ ಕೊಡುತ್ತಾರಲ್ಲ, ಅದನ್ನು ನಂಬಿ ಬರಬೇಡಿ. ಹರಳಿನ ತೂಕ, ಚಿನ್ನದ ತೂಕ ಬೇರೆ ಬೇರೆ ಇರುವ ಪಕ್ಕಾ ಬಿಲ್ ಕೇಳಿ.

ಒಡವೆ ತಂದಿದ್ದೇನೆ ಅಂತ ಕಸ್ಟಮ್ಸ್‌ಗೆ ಹೇಳಿಕೊಳ್ಳುವುದು ಸುಲಭ. ಬರುವ ಮುಂಚಿನ ಐದು ದಿನದೊಳಗೆ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಮೊದಲೇ ಕಟ್ಟಬಹುದು, ಇಲ್ಲವಾದರೆ ವಿಮಾನ ನಿಲ್ದಾಣದಲ್ಲಿ ಹೇಳಿಕೊಳ್ಳುವವರ ಕೆಂಪು ದಾರಿ. ಹಸಿರು ದಾರಿಯಲ್ಲಿ ಕಾಲಿಟ್ಟರೆ "ಹೇಳುವಂಥದ್ದೇನೂ ಇಲ್ಲ" ಅಂತ ನೀವೇ ಹೇಳಿದ ಹಾಗೆ. ಆಮೇಲೆ ಸಿಕ್ಕಿದರೆ ಒಡವೆಯೂ ಹೋಗಬಹುದು, ದಂಡವೂ ಬೀಳಬಹುದು.

ಅಂಚೆಯಲ್ಲಿ ತರಿಸುವ ಯೋಚನೆ ಬಿಡಿ, ಅಲ್ಲಿ ಉಡುಗೊರೆಯ ಮಿತಿ ಬರೀ 39 ಪೌಂಡ್. ಅಜ್ಜಿ ತೀರಿಕೊಂಡು ಉಯಿಲಿನಲ್ಲಿ ನಿಮಗೆ ಬಂದ ಕಾಸಿನ ಸರಕ್ಕೆ ಮಾತ್ರ ಪೂರ್ತಿ ವಿನಾಯಿತಿ ಇದೆ, ಸಿ1421 ಅನ್ನುವ ಫಾರಂ ತುಂಬಬೇಕು. ಅದೇ ಸರವನ್ನು ಅಜ್ಜಿ ಬದುಕಿದ್ದಾಗ ಪ್ರೀತಿಯಿಂದ ಕೊಟ್ಟರೆ ವ್ಯಾಟ್! ವಿಚಿತ್ರ, ಅಲ್ವಾ? ಮೊದಲ ಸಲ ಮನೆ ಬದಲಿಸಿಕೊಂಡು ಬರುವವರಿಗೆ ಬೇರೆ ವಿನಾಯಿತಿ ಇದೆ, ಆರು ತಿಂಗಳಾದರೂ ನಿಮ್ಮ ಬಳಿ ಇದ್ದು ಬಳಸಿದ ಒಡವೆ ಆಗಿರಬೇಕು.

ಹುಲಿ ಉಗುರಿನ ಪೆಂಡೆಂಟ್ ಯಾವ ಲೆಕ್ಕದಲ್ಲೂ ಬೇಡ. 2023ರಲ್ಲಿ ಅದಕ್ಕಾಗಿ ಕನ್ನಡ ಬಿಗ್ ಬಾಸ್ ಮನೆಯಿಂದಲೇ ಒಬ್ಬರನ್ನು ಅರಣ್ಯ ಇಲಾಖೆ ಬಂಧಿಸಿತ್ತು. ಇಲ್ಲಿಯೂ ಅದನ್ನು ಕಿತ್ತುಕೊಳ್ಳುತ್ತಾರೆ.

ಮುಂದೆ ಇಲ್ಲೇ ಮಾರುವ ಯೋಚನೆ ಇದ್ದರೆ ಇನ್ನೊಂದು ವಿಷಯ. ನಮ್ಮ ಬಿಐಎಸ್ ಹಾಲ್‌ಮಾರ್ಕ್ ಇಲ್ಲಿ ನಡೆಯುವುದಿಲ್ಲ. ಒಂದು ಗ್ರಾಂಗಿಂತ ಜಾಸ್ತಿ ತೂಕದ ಒಡವೆಯನ್ನು ಅಂಗಡಿಯವರು ಚಿನ್ನ ಅಂತ ಮಾರಬೇಕಾದರೆ ಲಂಡನ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಅಥವಾ ಎಡಿನ್‌ಬರೋದ ಅಸ್ಸೇ ಆಫೀಸಿನಲ್ಲಿ, ಅಂದರೆ ಚಿನ್ನದ ಶುದ್ಧತೆ ಪರೀಕ್ಷಿಸುವ ಕಚೇರಿಯಲ್ಲಿ, ಮತ್ತೆ ಮುದ್ರೆ ಹಾಕಿಸಬೇಕು.