ಔಷಧ ಅಂಗಡಿಯ ಸ್ಟೂಲಿನಿಂದ ತೊರವಿಯ ದಾರಿಗೆ

2022ರ ಜುಲೈ ತಿಂಗಳಲ್ಲಿ ಒಂದು ಸಂಜೆ, ವಿಜಯಪುರದ ನಮ್ಮ ಔಷಧ ಅಂಗಡಿಯಲ್ಲಿ ನಾನು ಕುಳಿತಿದ್ದ ಪ್ಲಾಸ್ಟಿಕ್ ಸ್ಟೂಲು ಮುರಿಯಿತು. ಎದುರಿಗೆ ನಾಲ್ಕು ಜನ ಗಿರಾಕಿಗಳಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಗ ನನ್ನ ತೂಕ 91 ಕೆಜಿ, ಎತ್ತರ 168 ಸೆಂಟಿಮೀಟರ್. ದರ್ಜಿಯ ಟೇಪು ಹಿಡಿದು ಸೊಂಟ ಅಳೆದರೆ 108 ಸೆಂಟಿಮೀಟರ್ ಬಂತು. ನಮ್ಮ ಜನರಲ್ಲಿ ಗಂಡಸರ ಸೊಂಟ 90 ದಾಟಿದರೆ ಎಚ್ಚರಿಕೆ ಎಂದು ಗಿರಾಕಿಗಳಿಗೆ ಹೇಳುತ್ತಾ ಬಂದವನು ನಾನೇ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 6.3 ಬಂದಿತ್ತು. 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಮನೆಯ ಒಳಗೇ ಬಂದಂತೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತೂವರೆವರೆಗೆ ಕುಳಿತು ಸಕ್ಕರೆ ಕಾಯಿಲೆಯ ಮಾತ್ರೆ ಮಾರುವವನು ಅದೇ ಮಾತ್ರೆಯನ್ನು ತನ್ನ ಮನೆಗೆ ಒಯ್ಯುವ ದಿನ ದೂರವಿರಲಿಲ್ಲ.

ಮೊದಲು ಜಿಮ್‌ಗೆ ಸೇರಿದೆ. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿ ಹತ್ತೊಂಬತ್ತು ದಿನ ಹೋದೆ. ಸುತ್ತಲೂ ಕನ್ನಡಿ, ಕಿವಿ ಗಡಚಿಕ್ಕುವ ಹಾಡು, ಮಗನ ವಯಸ್ಸಿನ ಹುಡುಗರು. ತರಬೇತುದಾರ ಎರಡನೆಯ ವಾರದಲ್ಲೇ ತೂಕ ಇಳಿಸುವ ಪುಡಿಯ ಡಬ್ಬಿ ತಂದು ಮುಂದಿಟ್ಟ. ಅದೇ ಡಬ್ಬಿ ನನ್ನ ಅಂಗಡಿಯ ಕಪಾಟಿನಲ್ಲಿಯೂ ಇತ್ತು. ಅದರಲ್ಲಿ ಎಷ್ಟು ಲಾಭ ಉಳಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಜಿಮ್ ಕೆಟ್ಟದ್ದೆಂದು ಹೇಳುತ್ತಿಲ್ಲ. ರಾತ್ರಿ ಹತ್ತಕ್ಕೆ ಅಂಗಡಿಯ ಬಾಗಿಲು ಹಾಕಿ ಬರುವವನಿಗೆ ಅದು ಒಗ್ಗಲಿಲ್ಲ, ಅಷ್ಟೇ.

ಬಳಿಕ ಮಾಡಿದ್ದು ದೊಡ್ಡ ತಪ್ಪು. ಗೋಳಗುಮ್ಮಟದ ಆವರಣದಲ್ಲಿ ಬೆಳಗ್ಗೆ ನಡೆಯುವವರನ್ನು ನೋಡಿ ನಾನೂ ಶುರು ಮಾಡಿದೆ. ಹುಲ್ಲು, ಮರ, ಮುಂಜಾನೆಯ ತಂಪು, ಎದುರಿಗೆ 1656ರಿಂದ ಕದಲದೆ ನಿಂತ ಗುಮ್ಮಟ: ಇದಕ್ಕಿಂತ ಒಳ್ಳೆಯ ಜಾಗ ಇಡೀ ಊರಿನಲ್ಲಿ ಇಲ್ಲ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಎಂಟು ದಿನ ನಡೆದ ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಟಿಕೆಟ್ ತೆಗೆದುಕೊಂಡು ಮೂಲೆಯ ಗೋಪುರದ ಮೆಟ್ಟಿಲು ಹತ್ತಿದೆ. ಗೋಪುರಕ್ಕೆ ಏಳು ಅಂತಸ್ತು. ಮೆಟ್ಟಿಲು ಇಕ್ಕಟ್ಟು, ಕಡಿದು. ಒಂದು ಬದಿಯ ಪಿಸುಮಾತು ಆಚೆ ಬದಿಗೆ ಕೇಳಿಸುವ ಪಿಸುಗುಟ್ಟುವ ಗ್ಯಾಲರಿಯನ್ನು ಏದುಸಿರು ಬಿಡುತ್ತಾ ಮುಟ್ಟಿದಾಗ ನನ್ನ ಉಸಿರಾಟ ಆಚೆ ಬದಿಯಲ್ಲಿ ನಿಂತಿದ್ದ ಹೆಂಡತಿಗೂ ಕೇಳಿಸಿತಂತೆ. ಹತ್ತಿದ್ದರಿಂದ ಏನೂ ಆಗಲಿಲ್ಲ, ಆದದ್ದೆಲ್ಲ ಇಳಿಯುವಾಗಲೇ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ಮಂಡಿಯೇ ತಡೆದು ನಿಲ್ಲಿಸಬೇಕು. 91 ಕೆಜಿಯನ್ನು ಅಷ್ಟು ಸಲ ತಡೆದ ಬಲಮಂಡಿ ಮರುದಿನ ಊದಿಕೊಂಡಿತು. ಮೂರು ವಾರ ನಡಿಗೆಯೂ ನಿಂತಿತು. ತೂಕ ಹೆಚ್ಚಿರುವವರು ಮೆಟ್ಟಿಲನ್ನು ಕೊನೆಗೆ ಇಟ್ಟುಕೊಳ್ಳಬೇಕು. ನಮ್ಮೂರಿನ ಹಳೆಯ ಕಾವಲು ಗೋಪುರ, 1584ರ ಉಪಲಿ ಬುರುಜಿನ ಹೊರಮೈ ಸುತ್ತಿ ಏರುವ ಕಲ್ಲಿನ ಮೆಟ್ಟಿಲುಗಳನ್ನು ಈಗ ಆಗಾಗ ಹತ್ತುತ್ತೇನೆ, ಆದರೆ ಅದು ಹತ್ತು ಕೆಜಿ ಇಳಿದ ಮೇಲಿನ ಮಾತು.

ಮಂಡಿ ಕೈಕೊಟ್ಟಾಗ ನೆನಪಾದದ್ದು ಮಗನ ಸೈಕಲ್. ಅವನು ಓದಲು ಬೆಳಗಾವಿಗೆ ಹೋದ ಮೇಲೆ ಅದು ಮೆಟ್ಟಿಲಿನ ಕೆಳಗೆ ಧೂಳು ತಿನ್ನುತ್ತಿತ್ತು. ವಿಜಯಪುರ, ಬಾಗಲಕೋಟೆಯವರಿಗೆ ಸೈಕಲ್ ಹೊಸದಲ್ಲ. ರಾಷ್ಟ್ರಮಟ್ಟದಲ್ಲಿ ಗೆದ್ದ ಸವಾರರು ಈ ಎರಡು ಜಿಲ್ಲೆಗಳಿಂದ ಹೋಗಿದ್ದಾರೆ. ರಿಪೇರಿ ಅಂಗಡಿಯ ಹಿರಿಯರೂ ಹರೆಯದಲ್ಲಿ ಪಂದ್ಯಗಳಲ್ಲಿ ಓಡಿಸಿದವರು. ನಾನು ಸೀಟನ್ನು ತಗ್ಗಿಸಿಕೊಂಡು ಎರಡೂ ಪಾದ ನೆಲಕ್ಕೆ ಊರಿ ಕುಳಿತದ್ದನ್ನು ನೋಡಿ, "ಸಾಹುಕಾರರೇ, ಇದು ಕುರ್ಚಿಯಲ್ಲ" ಎಂದರು. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೇರವಾಗಬೇಕು, ಮಂಡಿ ಸ್ವಲ್ಪವೇ ಬಾಗಿರಬೇಕು ಎಂದು ಸೀಟನ್ನು ನಾಲ್ಕು ಬೆರಳು ಮೇಲೇರಿಸಿಕೊಟ್ಟರು. ಮೊದಲ ದಿನ ಹೆದರಿಕೆಯಾಯಿತು. ಮೂರನೆಯ ದಿನಕ್ಕೆ ಮಂಡಿನೋವು ಇಲ್ಲವಾಯಿತು. ಗೇರು ಇದ್ದರೆ ಹಗುರವಾದುದನ್ನೇ ಹಾಕಿಕೊಂಡು ಬೇಗಬೇಗ ತುಳಿಯಬೇಕು, ಭಾರದ ಗೇರಿನಲ್ಲಿ ಒತ್ತಿ ತುಳಿಯಬಾರದು ಎಂಬುದೂ ಅವರದೇ ಪಾಠ. ಇಷ್ಟಕ್ಕೆ ಅವರು ತೆಗೆದುಕೊಂಡದ್ದು ಮೂವತ್ತು ರೂಪಾಯಿ.

ದಾರಿ ಹುಡುಕುವುದಕ್ಕೆ ಒಂದೆರಡು ತಿಂಗಳು ಹಿಡಿಯಿತು. ಭೂತನಾಳ ಕೆರೆಯ ಕಡೆಗೆ ಹೋದರೆ ಮರ, ನೀರು, ಹಕ್ಕಿ ಸಿಗುತ್ತವೆ, ಭಾನುವಾರಕ್ಕೆ ಅದು. ದಿನನಿತ್ಯಕ್ಕೆ ತೊರವಿಯ ದಾರಿ. ಊರಿನ ಪಶ್ಚಿಮಕ್ಕೆ ಐದಾರು ಕಿಲೋಮೀಟರ್, ನರಸಿಂಹನಿಗೆ ಕೈಮುಗಿದು ತಿರುಗಿದರೆ ಮುಕ್ಕಾಲು ಗಂಟೆಯ ವ್ಯಾಯಾಮ. ಇಲ್ಲಿ ಗಾಳಿಯ ಲೆಕ್ಕ ತಿಳಿದಿರಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಬಯಲಿನಲ್ಲಿ ಪಡುವಣ ಗಾಳಿ ಬೀಸುವಾಗ ಹೋಗುವುದು ಎದುರುಗಾಳಿಯಲ್ಲಿ, ಬರುವುದು ಬೆನ್ನಗಾಳಿಯಲ್ಲಿ. ಮೈ ಹೊಸದಿರುವಾಗ ಕಷ್ಟ ಮುಗಿಸಿ, ದಣಿದಾಗ ಗಾಳಿಯೇ ಮನೆಗೆ ತಳ್ಳುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬಂದರೆ ಲೆಕ್ಕ ತಲೆಕೆಳಗು. ಆಗ ತೊರವಿಯವರೆಗೆ ಹೋಗದೆ ಅರ್ಧ ದಾರಿಗೇ ತಿರುಗುತ್ತೇನೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಐದೂವರೆಗೆ ಹೊರಟು ಏಳರೊಳಗೆ ಮನೆ ಸೇರಬೇಕು, ತಡವಾದರೆ ಆ ದಿನ ಬಿಟ್ಟುಬಿಡುವುದೇ ಲೇಸು.

ನಸುಕಿನಲ್ಲಿ ಬೀದಿನಾಯಿಗಳ ಕಾಟ ನಿಜ. ಬೆನ್ನಟ್ಟಿದಾಗ ಜೋರಾಗಿ ತುಳಿದರೆ ಇನ್ನಷ್ಟು ಓಡಿ ಬರುತ್ತವೆ. ಕೆಳಗಿಳಿದು ಸೈಕಲನ್ನು ನಡುವೆ ಅಡ್ಡ ಹಿಡಿದು ನಿಂತರೆ ಹೆಚ್ಚಿನವು ಸುಮ್ಮನಾಗುತ್ತವೆ. ಈ ನಾಯಿಗಳ ದೆಸೆಯಿಂದಲೇ ನನ್ನ ಹೆಂಡತಿ ಕತ್ತಲಲ್ಲಿ ಹೊರಡುವುದಿಲ್ಲ. ಸಂಜೆ ಓಣಿಯ ನಾಲ್ಕು ಜನ ಹೆಂಗಸರೊಂದಿಗೆ ನಡೆಯುತ್ತಾಳೆ. ಅವರ ಮಾತಿನ ವೇಗ ನಡಿಗೆಯ ವೇಗಕ್ಕಿಂತ ಹೆಚ್ಚು ಎಂದು ತಮಾಷೆ ಮಾಡಿದ್ದೆ. ಒಂದು ದಿನವೂ ತಪ್ಪಿಸದವಳು ಅವಳು, ತಪ್ಪಿಸಿದವನು ನಾನು.

ನಡುವೆ ಒಂದು ತಿಂಗಳು ಪೈಲ್ವಾನರ ಗರಡಿಗೆ, ಅಂದರೆ ತಾಲೀಮಿಗೂ ಹೋದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರನ್ನು ಕಂಡು ಹುಟ್ಟಿದ ಆಸೆ. ಉಸ್ತಾದರು ಕಲ್ಲಿನ ಹತ್ತಿರವೂ ಬಿಡಲಿಲ್ಲ. ಮೊದಲ ದಿನ ಹತ್ತೇ ಬಸ್ಕಿ, ಅದೂ ಕಂಬ ಹಿಡಿದುಕೊಂಡು. ನಾನು ಜಂಬದಿಂದ ಮೂವತ್ತು ಹೊಡೆದೆ. ಮೂರು ದಿನ ಕುಳಿತರೆ ಏಳಲಾಗಲಿಲ್ಲ, ಎದ್ದರೆ ಕೂರಲಾಗಲಿಲ್ಲ. ಆಮೇಲೆ ಹೇಳಿದಷ್ಟೇ ಮಾಡಿದೆ. ಈಗಲೂ ಮನೆಯಲ್ಲಿ ವಾರಕ್ಕೆ ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ. ಮಂಡಿ ಗಟ್ಟಿಯಾದದ್ದು ಸೈಕಲ್‌ಗಿಂತ ಇದರಿಂದಲೇ ಎಂದು ನನ್ನ ಅನಿಸಿಕೆ.

ಇಷ್ಟೆಲ್ಲ ಮಾಡಿಯೂ ಮೊದಲ ನಾಲ್ಕು ತಿಂಗಳಲ್ಲಿ ಇಳಿದದ್ದು ಒಂದೂವರೆ ಕೆಜಿ. ನಿದ್ದೆ ಚೆನ್ನಾಯಿತು, ಎದೆಯುರಿ ಹೋಯಿತು, ತೂಕ ಮಾತ್ರ ಅಲ್ಲೇ. ಒಂದು ರಾತ್ರಿ ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ ಎಂಟು ಚಹಾ, ಒಂದೊಂದರಲ್ಲಿ ಹತ್ತು ಗ್ರಾಂ ಸಕ್ಕರೆ. ಒಟ್ಟು 80 ಗ್ರಾಂ, ಅಂದರೆ 320 ಕ್ಯಾಲೊರಿ. ನನ್ನ ತೂಕದವನು ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದೂ ಹೆಚ್ಚುಕಡಿಮೆ ಅಷ್ಟೇ! ಬೆಳಗ್ಗೆ ದುಡಿದದ್ದನ್ನು ಚಹಾದ ಹುಡುಗ ಸಂಜೆಯೊಳಗೆ ಮರಳಿ ತಂದು ಕೊಡುತ್ತಿದ್ದ. ಐದು ಗಂಟೆಯ ಮಿರ್ಚಿ ಭಜಿ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ.

ಚಹಾವನ್ನು ಮೂರಕ್ಕೆ ಇಳಿಸಿದೆ, ಸಕ್ಕರೆ ಬಿಟ್ಟೆ. ಹದಿನೈದು ದಿನ ಬಾಯಿ ಸಪ್ಪೆ, ಗಿರಾಕಿಗಳ ಮೇಲೆ ಸಿಡಿಮಿಡಿ. ಊಟದಲ್ಲಿ ನಮ್ಮ ಕಡೆಯದನ್ನು ಬಿಟ್ಟು ಓಟ್ಸ್ ತಿನ್ನಬೇಕಾಗಿ ಬರಲಿಲ್ಲ. ರೊಟ್ಟಿ ನಾಲ್ಕಿದ್ದದ್ದು ಎರಡಾಯಿತು, ಮಡಿಕೆ ಕಾಳು, ಹೆಸರುಕಾಳಿನ ಪಲ್ಯ ದುಪ್ಪಟ್ಟಾಯಿತು. ಬದಿಗೆ ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ನನ್ನ ಅಜ್ಜ ತಿನ್ನುತ್ತಿದ್ದ ತಟ್ಟೆಯೇ ಇದು. ಕಷ್ಟವಾದದ್ದು ಶೇಂಗಾ ಹಿಂಡಿಯದು. ನೂರು ಗ್ರಾಂ ಶೇಂಗಾದಲ್ಲಿ 560ಕ್ಕೂ ಹೆಚ್ಚು ಕ್ಯಾಲೊರಿ. ನಾನು ಅದರ ಮೇಲೆ ಎಣ್ಣೆ ಬೇರೆ ಸುರಿದುಕೊಳ್ಳುತ್ತಿದ್ದೆ. ಈಗ ಎರಡು ಚಮಚ ಹಿಂಡಿ, ಎಣ್ಣೆಯ ಬದಲು ಮೊಸರು. ಪೂರ್ತಿ ಬಿಡುವುದು ನನ್ನಿಂದಾಗದು, ಬಿಡಲು ಪ್ರಯತ್ನಿಸಿಯೂ ಇಲ್ಲ.

ಅಲ್ಲಿಂದ ತೂಕ ಇಳಿಯತೊಡಗಿತು. ಮೊದಲ ವರ್ಷ ಒಂಬತ್ತು ಕೆಜಿ, ಎರಡನೆಯ ವರ್ಷ ಬರೀ ಮೂರು. ಈಗ 79ರಲ್ಲಿ ನಿಂತಿದೆ. ಸೊಂಟ 94, ಸಕ್ಕರೆಯ ಸರಾಸರಿ 5.8.

ನನ್ನ ವೃತ್ತಿಯಿಂದ ಒಂದು ಮಾತು ಹೇಳಲೇಬೇಕು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ನಡೆಯಲು ಹೊರಟರೆ ಸಕ್ಕರೆ ದಿಢೀರನೆ ಇಳಿದು ಕಣ್ಣು ಕತ್ತಲಿಡಬಹುದು. ಮೊದಲು ವೈದ್ಯರನ್ನು ಕೇಳಿ, ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ. ಹಾಗೆ ಬೆವರಿ ನಡುಗುತ್ತಾ ಅಂಗಡಿಯ ಕಟ್ಟೆಗೆ ಬಂದು ಕುಳಿತ ಹಿರಿಯರೊಬ್ಬರಿಗೆ ನಾನೇ ಸಕ್ಕರೆ ನೀರು ಕುಡಿಸಿದ್ದೇನೆ.

ಕಳೆದ ದೀಪಾವಳಿಯ ರಜೆಗೆ ಬಂದ ಮಗ ಸೈಕಲ್ ಹೊರಗೆಳೆದ. ಸೀಟಿನ ಎತ್ತರ ತನಗೆ ಸರಿಯಾಗಿದೆಯೆಂದು ಬೆರಗಾದ. ಹೋಗುವಾಗ ಬೆಳಗಾವಿಗೆ ಒಯ್ಯುತ್ತೇನೆ ಎಂದ. ರಿಪೇರಿ ಅಂಗಡಿಯ ಹಿರಿಯರು ಹಳೆಯದೊಂದನ್ನು ನೋಡಿ ಇಟ್ಟಿದ್ದಾರೆ, ಎರಡು ಸಾವಿರದ ಐನೂರು ಹೇಳುತ್ತಿದ್ದಾರೆ. ನಾನು ಎರಡು ಸಾವಿರಕ್ಕೆ ಕೇಳುತ್ತಿದ್ದೇನೆ.