ಮದುವೆ ಹಕ್ಕಿನ ಓಟು ಬಂದಾಗ ಮನೆಯ ಹಿರಿಯರ ಜೊತೆ ಮಾತಾಡುವುದು ಹೇಗೆ

2017ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯ ಪ್ಯಾರಮಟ್ಟಾದ ನಮ್ಮ ಮನೆಗೆ ಎರಡು ಲಕೋಟೆ ಬಂದವು. ನನಗೊಂದು, ನನ್ನ ಸಂಗಾತಿಗೊಂದು. ಒಳಗಿದ್ದದ್ದು ಒಂದೇ ಪ್ರಶ್ನೆ. ಒಂದೇ ಲಿಂಗದ ಜೋಡಿಗಳು ಮದುವೆಯಾಗಲು ಬಿಡುವಂತೆ ಕಾನೂನು ಬದಲಾಗಬೇಕೆ? ಹೌದು, ಇಲ್ಲ ಅಂತ ಎರಡು ಚೌಕ. ನಾವಿಬ್ಬರೂ ಹೆಂಗಸರು. ಅಷ್ಟೊತ್ತಿಗೆ ಒಂಬತ್ತು ವರ್ಷ ಸಂಸಾರ ಮಾಡಿದ್ದೆವು. ನಾವು ಮದುವೆಯಾಗಬಹುದೋ ಇಲ್ಲವೋ ಅಂತ ಇಡೀ ದೇಶ ಅಂಚೆಯಲ್ಲಿ ಹೇಳಬೇಕಿತ್ತು. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಭಾರತದಲ್ಲಿ ಇಂಥ ಓಟು ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಈ ವಿಷಯವನ್ನು ಸಂಸತ್ತಿಗೆ ಬಿಟ್ಟಿತು. ಆದರೆ ಹೊರದೇಶಗಳಲ್ಲಿ ಪೌರತ್ವ ಪಡೆದ ನಮ್ಮವರು ತುಂಬಾ ಜನ ಇದ್ದಾರೆ. ಅವರ ಮನೆಗೆ ಇಂಥ ಲಕೋಟೆ ಬಂದರೆ ಏನು ಮಾಡಬೇಕು ಅನ್ನುವುದನ್ನು ನಾನು ಕಲಿತ ಹಾಗೆ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ನೀವೇ ಎರಡು ಸಲ ಓದಿ. ಎಲ್ಲ ಕಡೆ 'ಹೌದು' ಎಂದರೆ ನಮ್ಮ ಪರ ಅಂತ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಪ್ರಪೊಸಿಷನ್ 8 ಅನ್ನುವ ಪ್ರಸ್ತಾವ ಜನರ ಓಟಿಗೆ ಬಂದಾಗ 'ಹೌದು' ಎಂದರೆ ಸಲಿಂಗ ಮದುವೆ ಬೇಡ ಎಂದರ್ಥ. ಸುಮಾರು ಶೇ 52 ಓಟು ಬಿದ್ದು ಅದೇ ಗೆದ್ದಿತು. ಎಷ್ಟು ಜನ ಓಟು ಹಾಕಬೇಕು ಅನ್ನುವ ನಿಯಮವನ್ನೂ ನೋಡಿ. ರೊಮೇನಿಯಾದಲ್ಲಿ 2018ರಲ್ಲಿ ಮದುವೆ ಗಂಡು ಹೆಣ್ಣಿಗೆ ಮಾತ್ರ ಅಂತ ಸಂವಿಧಾನದಲ್ಲಿ ಬರೆಸಲು ಓಟು ನಡೆಯಿತು. ಶೇ 30ರಷ್ಟಾದರೂ ಜನ ಬರಬೇಕಿತ್ತು, ಬಂದವರು ಶೇ 21ರಷ್ಟು. ಅದು ಬಿದ್ದುಹೋಯಿತು. ಅಲ್ಲಿ ಮನೆಯಲ್ಲಿ ಕೂತರೂ ಕೆಲಸ ಆಯಿತು. ಆಸ್ಟ್ರೇಲಿಯಾದಲ್ಲಿ ಅಂಥ ಮಿತಿ ಇರಲಿಲ್ಲ, ಲಕೋಟೆ ವಾಪಸ್ ಹೋಗದಿದ್ದರೆ ಆ ಓಟು ಇಲ್ಲ ಅಷ್ಟೇ.

ಆಮೇಲೆ ಯಾರ ಜೊತೆ ಮಾತಾಡಬೇಕು ಅಂತ ಯೋಚಿಸಿ. ಎಲ್ಲರ ಜೊತೆ ಬೇಡ. ಮನೆಯಿಂದ ಹೊರಗೆ ಹಾಕುತ್ತಾರೆ, ಕೈ ಎತ್ತುತ್ತಾರೆ ಅನ್ನುವ ಭಯ ಇದ್ದರೆ ದಯವಿಟ್ಟು ಬಾಯಿ ಬಿಡಬೇಡಿ. ನಿಮ್ಮ ಪರವಾಗಿ ಗೆಳೆಯರು ಮಾತಾಡಲಿ. ನಾನು ಆರಿಸಿಕೊಂಡದ್ದು ದೊಡ್ಡಪ್ಪನನ್ನು. ಅವರು ಮಗನ ಮನೆಯಲ್ಲಿ ಇದ್ದರು, ನಮ್ಮ ಮನೆಯಿಂದ ಹತ್ತು ನಿಮಿಷ. ನನ್ನ ವಿಷಯ ಅವರಿಗೆ ಗೊತ್ತಿತ್ತು. ಆದರೆ ಒಂದು ದಿನವೂ ಮಾತಿಗೆ ಬಂದಿರಲಿಲ್ಲ.

ಹೋಗಿ ಕೂತೆ. ಅವರ ಲಕೋಟೆ ಟಿವಿ ಪಕ್ಕದಲ್ಲಿ ಒಡೆಯದೆ ಬಿದ್ದಿತ್ತು. ಹಕ್ಕು, ಸಮಾನತೆ ಅಂತ ಶುರು ಮಾಡಬೇಡಿ. ಆ ಮಾತು ಎದುರಿನವರಿಗೆ ಭಾಷಣದ ಹಾಗೆ ಕೇಳುತ್ತೆ. ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿ, ಸುಮ್ಮನಿರಿ. ಅವರ ಅನುಮಾನ ಮೊದಲು ಹೊರಗೆ ಬರಲಿ. ದೊಡ್ಡಪ್ಪ ಕೇಳಿದ್ದು ಎರಡೇ.

'ಇದರಲ್ಲಿ ನನ್ನ ಹೆಸರು ಇರುತ್ತೇನಮ್ಮ?'

ಹೆಸರು ಇಲ್ಲ, ಬಾರ್‌ಕೋಡ್ ಇದೆ, ಒಬ್ಬರು ಎರಡು ಸಲ ಹಾಕದಿರಲಿ ಅಂತ ಅದು ಎಂದೆ.

'ದೇವಸ್ಥಾನದಲ್ಲಿ ಮಾಡಿಸಲೇಬೇಕು ಅಂತ ಬಲವಂತ ಮಾಡ್ತಾರಾ?'

ಇಲ್ಲ ದೊಡ್ಡಪ್ಪ, ಇದು ಸರ್ಕಾರಿ ಕಾನೂನಿನ ಮಾತು ಎಂದೆ. ಮುಂದೆ ಬಂದ ಕಾನೂನಿನಲ್ಲೂ ಇಂಥ ಮದುವೆ ಮಾಡಿಸಲ್ಲ ಅನ್ನುವ ಅವಕಾಶ ಧರ್ಮಗುರುಗಳಿಗೆ ಉಳಿಯಿತು.

ಈಗ ಒಂದೇ ಒಂದು ಸಂಗತಿ ಹೇಳಿ. ನಿಮ್ಮದು, ನಡೆದದ್ದು. ಅದಕ್ಕೂ ಮುಂಚೆ ಅವರದ್ದನ್ನು ಕೇಳಿ. ದೊಡ್ಡಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ನಿಮ್ಮನ್ನು ಒಳಗೆ ಬಿಡುವ ಮುಂಚೆ ಏನು ಕೇಳಿದರು ಅಂದೆ. 'ಏನೂ ಕೇಳಲಿಲ್ಲ. ಗಂಡ ಅಂದೆ, ಬಿಟ್ಟರು' ಅಂದರು. ಆಗ ನನ್ನ ಕಥೆ ಹೇಳಿದೆ. ಸಂಗಾತಿಗೆ ಅಪೆಂಡಿಕ್ಸ್ ಆಪರೇಷನ್ ಆದ ರಾತ್ರಿ ಕೌಂಟರಿನಲ್ಲಿ ಮೂರು ಸಲ ಕೇಳಿದರು, ನೀವು ಅವರಿಗೆ ಏನಾಗಬೇಕು ಅಂತ. ಅಕ್ಕನಾ, ಗೆಳತಿಯಾ ಅಂತ. ಕೊನೆಗೆ ಫೋನಿನಲ್ಲಿ ಮನೆ ಬಾಡಿಗೆ ಕರಾರು ಹುಡುಕಿ, ಇಬ್ಬರ ಹೆಸರೂ ಇದೆ ನೋಡಿ ಅಂತ ತೋರಿಸಿದೆ. ದೊಡ್ಡಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ತುಂಬ ಹೊತ್ತು. 'ಬಾಡಿಗೆ ಕರಾರಾ?' ಅಂದರು, ಅಷ್ಟೇ.

ಅಲ್ಲಿಗೆ ನಿಲ್ಲಿಸಿ. ಗುರುತು ಹಾಕುವಾಗ ಎದ್ದು ಹೋಗಿ. ನಾನು ಅಡುಗೆಮನೆಗೆ ಹೋದೆ. ಅವರು ಯಾವ ಚೌಕಕ್ಕೆ ಹಾಕಿದರೋ ಇವತ್ತಿಗೂ ಗೊತ್ತಿಲ್ಲ, ಕೇಳಿಲ್ಲ. ಆದರೆ ಲಕೋಟೆ ಅಂಚೆಗೆ ಬೀಳುವ ತನಕ ಜೊತೆಗಿರಿ. 'ನಾಳೆ ಹಾಕ್ತೀನಿ' ಅಂದ ಲಕೋಟೆಗಳು ಟಿವಿ ಪಕ್ಕದಲ್ಲೇ ಉಳಿಯುತ್ತವೆ. ಅಂಚೆಪೆಟ್ಟಿಗೆ ತನಕ ಇಬ್ಬರೂ ನಡೆದೇ ಹೋದೆವು.

ಫಲಿತಾಂಶದ ದಿನಕ್ಕೂ ತಯಾರಿ ಬೇಕು. ಒಬ್ಬರೇ ಇರಬೇಡಿ. ನವೆಂಬರ್ 15ರ ಬೆಳಿಗ್ಗೆ ಹತ್ತು ಗಂಟೆಗೆ ಅಂಕಿ ಬಂತು, ಶೇ 61.6 ಹೌದು. ಅತ್ತೆವು, ಫೋನ್ ಮಾಡಿದೆವು. ಮಧ್ಯಾಹ್ನ ನಾನೊಂದು ತಪ್ಪು ಮಾಡಿದೆ. ಕ್ಷೇತ್ರವಾರು ಪಟ್ಟಿ ತೆಗೆದೆ. 150ರಲ್ಲಿ 17 ಕ್ಷೇತ್ರಗಳು ಇಲ್ಲ ಅಂದಿದ್ದವು, ಅದರಲ್ಲಿ ನಮ್ಮ ಪ್ಯಾರಮಟ್ಟಾ ಒಂದು. ಅಲ್ಲಿ ಶೇ 61.6 ಓಟು 'ಇಲ್ಲ'ಕ್ಕೆ ಬಿದ್ದಿತ್ತು. ಅದೇ ಅಂಕಿ, ತಿರುಗಾಮುರುಗಾ. ಮಾರನೇ ದಿನ ರೈಲಿನಲ್ಲಿ ಎದುರು ಕೂತ ಒಬ್ಬೊಬ್ಬರ ಮುಖ ನೋಡಿ ಇವರಾ, ಇವರಾ ಅಂತ ಎಣಿಸಿದೆ. ನಿಮ್ಮ ಬೀದಿಯ ಅಂಕಿಯನ್ನು ಅದೇ ದಿನ ನೋಡಬೇಡಿ. ಒಂದು ವಾರ ಬಿಡಿ.

ಸೋತರೆ? ಸ್ಲೊವೇನಿಯಾದಲ್ಲಿ 2015ರ ಡಿಸೆಂಬರ್‌ನಲ್ಲಿ ಜನ ಬೇಡ ಅಂದರು, 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಬಾಗಿಲು ತೆರೆಯಿತು. ಗೆದ್ದರೂ ಆ ದಿನವೇ ಮದುವೆ ಆಗಲ್ಲ. ನಮ್ಮಲ್ಲಿ ಅದು ಬರೀ ಸಮೀಕ್ಷೆ, ಸಂಸತ್ತು ಕಾನೂನು ಮಾಡಿದ್ದು ಡಿಸೆಂಬರ್ 7ಕ್ಕೆ. ಮದುವೆಗೆ ಒಂದು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್ ಈಗಲೇ ಹುಡುಕಿ ಒಂದು ಕಡೆ ಇಡಿ. ನನ್ನದು ಸಿಗಲು ಮೂರು ದಿನ ಬೇಕಾಯಿತು.