ಒಂದು ತಿಂಗಳು ಕ್ಯಾಮೆರಾ ಮುಟ್ಟಿಸಲಿಲ್ಲ

"ವಿಡಿಯೋ ಕಲಿಸ್ತೀನಿ ಅಂತ ಕರೆದು ಬರೀ ಮಾತು ರೆಕಾರ್ಡ್ ಮಾಡಿಸ್ತೀಯಲ್ಲ ಮಾರಾಯ, ಯಾವ ಹುಡುಗರು ಬರ್ತಾರೆ?" ತೀರ್ಥಹಳ್ಳಿಯ ಗೆಳೆಯರು ನಕ್ಕಿದ್ದೇ ನಕ್ಕಿದ್ದು. ಈಗ ಅವರದೇ ಮಕ್ಕಳು ನನ್ನ ಮೂರನೇ ಬ್ಯಾಚಿನಲ್ಲಿದ್ದಾರೆ.

ಮೊದಲ ಬ್ಯಾಚು ಪೂರ್ತಿ ಮುಳುಗಿತ್ತು, ಒಪ್ಪಿಕೊಳ್ತೇನೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್‌ಗೆ 28 ಸಾವಿರ ಸುರಿದೆ. ಆಗಸ್ಟ್ ಹೊತ್ತಿಗೆ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಫಂಗಸ್. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಲೆನ್ಸನ್ನು ಬಿಡುತ್ತಾ? ಶಿವಮೊಗ್ಗದಲ್ಲಿ ಕ್ಲೀನ್ ಮಾಡಿಸಲು ಮೂರೂವರೆ ಸಾವಿರವೋ ಏನೋ ಆಯಿತು. ಮರುವರ್ಷ ಮತ್ತೆ ಅದೇ ಕಥೆ. ಅದೂ ಹೋಗಲಿ, 12 ಹುಡುಗರಿಗೆ ಒಂದೇ ಕ್ಯಾಮೆರಾ. ಒಬ್ಬ ಹಿಡಿದರೆ ಉಳಿದವರು ರೀಲ್ಸ್ ನೋಡುತ್ತ ಕೂರುತ್ತಿದ್ದರು. ಕೊನೆಗೆ ಉಳಿದವರು ಇಬ್ಬರು. ಅವರು ಮಾಡಿದ್ದು ಸ್ಲೋ ಮೋಷನ್ ಜಲಪಾತ, ಮೇಲೊಂದು ಸಿನಿಮಾ ಹಾಡು.

ಕ್ಯಾಮೆರಾ ಮಾರಿದೆ. 9 ಸಾವಿರ ಬಂತು. ಆ ದುಡ್ಡಿನಲ್ಲಿ ನಾಲ್ಕು ಕಾಲರ್ ಮೈಕ್ ತಂದೆ, ಒಂದೊಂದು 800ರ ಆಸುಪಾಸು. ಮೊದಲ ತಿಂಗಳು ಕಿವಿಗಷ್ಟೇ ಕೆಲಸ ಅಂದೆ. ಫೋನು ಏರೋಪ್ಲೇನ್ ಮೋಡಿನಲ್ಲಿ, ಮನೆಯ ಹಿರಿಯರೊಬ್ಬರ ಹತ್ತು ನಿಮಿಷದ ಮಾತು, ಅದನ್ನು ಕತ್ತರಿಸಿ ಒಂದು ನಿಮಿಷಕ್ಕೆ ಇಳಿಸಬೇಕು. ಅಷ್ಟೇ ಪಾಠ. ತಗಡಿನ ಶೀಟಿನ ಕೆಳಗೆ ಮಳೆಯಲ್ಲಿ ಒಂದಕ್ಷರ ಕೇಳಲ್ಲ. ಹೆಂಚಿನ ಮನೆಯೊಂದರ ಅಟ್ಟದಲ್ಲಿ, ಭತ್ತದ ಹುಲ್ಲಿನ ನಡುವೆ ಜಾಗ ಮಾಡಿಕೊಂಡೆವು. ಫೋಮ್ ಹಾಳೆ ಯಾಕೆ ಬೇಕು? ಹುಲ್ಲು ಪುಕ್ಕಟೆ. ಮೈ ತುರಿಸುತ್ತೆ, ಅಷ್ಟೇ.

ಅಜ್ಜಿಯಂದಿರು ಮೈಕ್ ಕಂಡ ಕೂಡಲೇ ಭಾಷಣ ಶುರು ಮಾಡ್ತಾರಲ್ಲ, ಅದನ್ನು ಬಿಡಿಸಲು ನನ್ನ ಹತ್ತಿರ ಒಂದು ಉಪಾಯವಿದೆ. ಅದು ಬ್ಯಾಚಿಗೆ ಬಂದವರಿಗೆ ಮಾತ್ರ.

ನಡುವೆ ಸುಮ್ನೆ ಒಂದಿಷ್ಟು ಪ್ರಯೋಗ. ಅಡಿಕೆ ದಬ್ಬೆಯ ಟ್ರೈಪಾಡ್ ಚೆನ್ನಾಗಿಯೇ ನಿಂತಿತು, ಒದ್ದೆಯಾದ ಮೇಲೆ ವಾಲಿತು. ಅಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಜೀರುಂಡೆ ಸದ್ದು ತೆಗೆಯಲು ಹೋದರೆ ಅಜ್ಜ ಬಾವಿಯೊಳಗಿಂದ ಮಾತಾಡಿದ ಹಾಗಾಯಿತು. ಈಗ ಜೀರುಂಡೆಯನ್ನು ಹಾಗೇ ಬಿಡುತ್ತೇವೆ. ಯಾರೂ ಮಾತಾಡದೆ 30 ಸೆಕೆಂಡ್ ಬರೀ ಜೀರುಂಡೆ ರೆಕಾರ್ಡ್ ಮಾಡಿಕೊಂಡು ಕತ್ತರಿಸಿದ ಜಾಗಗಳ ಅಡಿಗೆ ಹಾಸುತ್ತೇವೆ. ಜೋಡಿಸಿದ್ದು ಗೊತ್ತೇ ಆಗಲ್ಲ.

ಗೆದ್ದದ್ದು ಎರಡನೇ ಬ್ಯಾಚಿನಲ್ಲಿ. ಪಿಯುಸಿ ಓದುವ ಹುಡುಗಿಯೊಬ್ಬಳು ತನ್ನ ಅಜ್ಜ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲೆಸುವಾಗಿನ ಮಾತು ಹಿಡಿದು ತಂದಳು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಮಧ್ಯೆ ಅಜ್ಜ, "ಕತ್ತಿ ಅದ್ದಿ ನೋಡು, ಕೆಂಪಾಯ್ತಾ? ಹಂಗಾರೆ ಸುಣ್ಣ ಸಾಲ್ದು" ಅಂದಿದ್ದರು. ಕೇಳಿದವಳೇ, "ಸಾರ್, ಇದನ್ನ ತೋರಿಸ್ಬೇಕು" ಅಂದಳು. ಚಿತ್ರ ಎಲ್ಲಿ ಬೇಕು ಅಂತ ಮಾತೇ ಹೇಳಿತ್ತು! ಮರುದಿನ ಫೋನಿನಲ್ಲೇ ತೆಗೆದಳು. ನೀಲಿ ನೀರಿನಿಂದ ಕತ್ತಿ ಮೇಲೆ ಬರುತ್ತೆ, ಅಲಗಿನ ಮೇಲೆ ತಾಮ್ರದ ಕೆಂಪು. ಹಾಡಿಲ್ಲ, ಏನಿಲ್ಲ. ಸುಮಾರು 40 ಸಾವಿರ ಜನ ನೋಡಿದರು. ಗೊಬ್ಬರದ ಅಂಗಡಿಯವರೊಬ್ಬರು 2 ಸಾವಿರ ಕೊಟ್ಟು ಇನ್ನೊಂದು ವಿಡಿಯೋ ಮಾಡಿಸಿಕೊಂಡರು.

ಆ ಶೂಟಿಂಗಿನಲ್ಲಿ ಎರಡು ಮೈಕ್ ಬೋರ್ಡೋ ಬಕೆಟ್ಟಿಗೆ ಬಿದ್ದವು. ಆ ಲೆಕ್ಕ ಇನ್ನೂ ಮನೆಯಲ್ಲಿ ಹೇಳಿಲ್ಲ.